ಪರೀಕ್ಷೆಗೆ ಮೊದಲು ಪ್ರಶ್ನೆ: ಮಕ್ಕಳ ಆಹಾರದ ಅಲರ್ಜಿ ಮತ್ತು ವೈದ್ಯಶಿಕ್ಷಣ

ಮದರಾಸಿನ ಮೈಲಾಪೂರಿನ ಕಪಾಲೀಶ್ವರ ದೇವಾಲಯದ ಸುತ್ತಣ ಬೀದಿಗಳಲ್ಲಿ, ನವರಾತ್ರಿಯ ಸಂಜೆಗಳಂದು ಗೊಂಬೆ ನೋಡಲು ಮನೆಯಿಂದ ಮನೆಗೆ ಹೋಗುವ ಮಕ್ಕಳ ಕೈಗೆ ಒಂದು ದಿನ ಕಡಲೆಯ, ಮತ್ತೊಂದು ದಿನ ನೆಲಗಡಲೆಯ ಸುಂಡಲ್ ಬೀಳುತ್ತದೆ; ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಉಸಲಿಯೆಂಬ ಹೆಸರಿನಿಂದ ಅದೇ ಪದ್ಧತಿಯುಂಟು. ಅದನ್ನು ತಿಂದ ಕಾಲು ಗಂಟೆಯೊಳಗೆ ಒಂದು ಮಗುವಿನ ತುಟಿ ಊದಿ, ಮೈಯೆಲ್ಲ ಪಿತ್ತಗಂಧೆ ಎದ್ದು, ಉಸಿರು ಸುಂಯ್‌ಗುಡತೊಡಗಿದರೆ, ಆಗ ಅದನ್ನು ನೋಡುವ ವೈದ್ಯನು ಏನನ್ನು ಕಲಿತಿರಬೇಕು, ಆ ವಿದ್ಯೆ ನಮ್ಮ ವೈದ್ಯಕೀಯ ಕಾಲೇಜುಗಳಿಗೆ ಯಾವ ಮಾರ್ಗದಿಂದ ಬಂದಿತು, ಇನ್ನೆಷ್ಟು ಬರಬೇಕಾಗಿದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಶಾಸ್ತ್ರದ ಆರಂಭ ಯುರೋಪಿನಲ್ಲಿ. ರಕ್ಷಣೆಯನ್ನುಂಟುಮಾಡಲೆಂದು ನಾಯಿಗಳಿಗೆ ಚುಚ್ಚಿದ ಕಡಲಜೀವಿಯ ವಿಷವು ಎರಡನೆಯ ಸಲ ಅತ್ಯಲ್ಪ ಪ್ರಮಾಣದಲ್ಲಿಯೇ ಅವುಗಳ ಪ್ರಾಣವನ್ನು ಹರಿಸಿತೆಂಬುದನ್ನು 1902ರಲ್ಲಿ ಪೋರ್ಟಿಯೇ ಮತ್ತು ರಿಶೇ ಪ್ರಕಟಿಸಿದರು. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಫಾನ್ ಪಿರ್ಕೆ ಅಲರ್ಜಿಯೆಂಬ ಹೆಸರನ್ನಿತ್ತನು. 1921ರಲ್ಲಿ ಪ್ರಾಸ್ನಿಟ್ಸನು, ಮೀನು ಒಗ್ಗದ ತನ್ನ ಸಹೋದ್ಯೋಗಿ ಕ್ಯೂಸ್ಟ್ನರನ ರಕ್ತದ್ರವವನ್ನು ತನ್ನ ಚರ್ಮದೊಳಕ್ಕೇ ಚುಚ್ಚಿಕೊಂಡು, ಮರುದಿನ ಅಲ್ಲಿಗೆ ಮೀನಿನ ಸಾರವನ್ನು ಸೇರಿಸಿದಾಗ ಗಂಧೆ ಎದ್ದುದನ್ನು ತೋರಿಸಿಕೊಟ್ಟನು. ಆ ದ್ರವದಲ್ಲಿದ್ದ ಪದಾರ್ಥವು ಐಜಿಇ ಎಂಬ ಪ್ರತಿಕಾಯವೆಂದು ತಿಳಿಯಲು 1960ರ ದಶಕದ ಉತ್ತರಾರ್ಧದವರೆಗೆ, ಜಪಾನಿನ ಇಶಿಜಾಕ ದಂಪತಿಗಳ ಮತ್ತು ಸ್ವೀಡನ್ನಿನ ವಿಜ್ಞಾನಿಗಳ ಶೋಧನೆಗಳವರೆಗೆ, ಕಾಯಬೇಕಾಯಿತು.

ಇತ್ತ ಮದರಾಸಿನಲ್ಲಿ ಎಸ್. ಟಿ. ಆಚಾರ್ ಅವರಂಥ ಪ್ರಾಧ್ಯಾಪಕರು ಮಕ್ಕಳ ವೈದ್ಯಶಾಸ್ತ್ರವನ್ನು ಸ್ವತಂತ್ರ ವಿಷಯವಾಗಿ ಕಟ್ಟಿ ನಿಲ್ಲಿಸಿದ ಕಾಲದಲ್ಲಿ, ವಾರ್ಡುಗಳ ಹಾಸಿಗೆಗಳೆಲ್ಲ ವಾಂತಿಭೇದಿ, ಕ್ಷಯ, ದಡಾರ, ಅಪೌಷ್ಟಿಕತೆಗಳಿಂದ ಬಳಲುವ ಮಕ್ಕಳಿಂದ ತುಂಬಿದ್ದುವಾಗಿ, ಊಟವು ಒಗ್ಗದ ಮಗುವಿಗಿಂತ ಊಟವೇ ಇಲ್ಲದ ಮಗುವಿನ ಚಿಂತೆಯೇ ಪಠ್ಯವನ್ನಾಳಿತು. ಅದನ್ನು ಉಪೇಕ್ಷೆಯೆಂದು ಕರೆಯುವುದು ನ್ಯಾಯವಲ್ಲ. ಆದರೆ ರೋಗಚಿತ್ರ ಬದಲಾಯಿತು. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ನಡೆಸಿದ ಅಧ್ಯಯನಗಳಲ್ಲಿ ಮಕ್ಕಳ ಆಸ್ತಮಾ 1979ರಲ್ಲಿ ಶೇಕಡ 9 ಇದ್ದುದು 1999ರ ವೇಳೆಗೆ ಶೇಕಡ 29.5ಕ್ಕೆ ಏರಿತ್ತು. ಅಲರ್ಜಿ ನಮ್ಮದಲ್ಲವೆಂಬ ಭಾವನೆ ಇದರ ಮುಂದೆ ನಿಲ್ಲಲಾರದು.

ಆಹಾರದ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳ ಪಾಠ ಮೈಸೂರಿನಿಂದ ಬಂದಿತು. ಅಲ್ಲಿಯ ಸಂಶೋಧಕರು ಬದನೆಕಾಯಿಯಂಥ ನಮ್ಮ ನಿತ್ಯದ ತರಕಾರಿಯನ್ನೂ ಬಿಡದೆ ಪರೀಕ್ಷಿಸಿದ್ದಲ್ಲದೆ, ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ್ ಮತ್ತು ಸಂಗಡಿಗರು ಯೂರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಯೋಜನೆಯ ಅಂಗವಾಗಿ ಬೆಂಗಳೂರು ಮೈಸೂರುಗಳ ವಯಸ್ಕರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಶೇಕಡ 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಕಂಡುಬಂದರೂ, ನಿಜವಾಗಿ ಆಹಾರದ ಅಲರ್ಜಿಯಿರಬಹುದಾದವರು ಶೇಕಡ 1.2ರಷ್ಟು ಮಾತ್ರ ಎಂದು ತೋರಿತು. ನಮ್ಮ ಶಾಲಾಮಕ್ಕಳ ಸಮೀಕ್ಷೆಯಲ್ಲಿ ಆ ಪ್ರಮಾಣ ಶೇಕಡ 0.14, ಹಾಂಗ್‌ಕಾಂಗಿನಲ್ಲಿ ಅದೇ ಶೇಕಡ 1.50. ನನ್ನ ದೃಷ್ಟಿಯಲ್ಲಿ ಪ್ರತಿಯೊಬ್ಬ ವೈದ್ಯವಿದ್ಯಾರ್ಥಿಯೂ ಮೊದಲು ಮನನಮಾಡಬೇಕಾದುದು 26.5 ಮತ್ತು 1.2ರ ನಡುವಣ ಈ ಅಂತರವನ್ನು. ಹತ್ತಾರು ಆಹಾರಗಳ ರಕ್ತಪರೀಕ್ಷೆಯನ್ನು ಒಟ್ಟಿಗೆ ಮಾಡಿಸಿ, ವರದಿಯಲ್ಲಿ ಗುರುತು ಬಿದ್ದುದೆಲ್ಲವನ್ನೂ ಊಟದಿಂದ ತೆಗೆದುಹಾಕುವ ವೈದ್ಯನು ಆರೋಗ್ಯವಂತ ಮಗುವನ್ನು ರೋಗಿಯಾಗಿಸುತ್ತಾನೆ. ಮಾಂಸ ಮೊಟ್ಟೆಗಳಿಲ್ಲದ ಮನೆಯಲ್ಲಿ ಹಾಲು, ಮೊಸರು, ತುಪ್ಪಗಳನ್ನೂ ನಿಷೇಧಿಸಿದರೆ, ಬದಲಿಯನ್ನು ಸೂಚಿಸದ ಪಕ್ಷದಲ್ಲಿ ಆ ಮಗುವಿನ ಬೆಳವಣಿಗೆಯೇ ಕುಂಠಿತವಾದೀತು.

ಆದುದರಿಂದ ಈ ಶಿಕ್ಷಣದ ಮೂಲವು ಪ್ರಶ್ನೆ ಕೇಳುವ ಕಲೆಯಲ್ಲಿದೆ. "ಹಾಲು ಇವನಿಗೆ ಆಗೋದೇ ಇಲ್ಲ ಡಾಕ್ಟ್ರೇ" ಎಂದು ತಾಯಿ ಹೇಳಿದಾಗ, ಕುಡಿದ ಎಷ್ಟು ಹೊತ್ತಿಗೆ ಏನಾಯಿತು, ಗಂಧೆಯೋ ಬರಿಯ ಹೊಟ್ಟೆಯುಬ್ಬರವೋ, ಪ್ರತಿಸಲವೂ ಆಯಿತೆ, ಪಾಯಸದಲ್ಲಿ ಕಾದ ಹಾಲು ಒಗ್ಗುವುದೆ ಎಂದು ವಿಚಾರಿಸದೆ, ಹಾಲಿನ ಸಕ್ಕರೆ ಜೀರ್ಣವಾಗದಿರುವುದನ್ನೂ ಹಾಲಿನ ಅಲರ್ಜಿಯನ್ನೂ ಬೇರ್ಪಡಿಸಲಾಗದು. ಅಡುಗೆಮನೆಯ ಜ್ಞಾನವೂ ಬೇಕು: ಅಂಗಡಿಯ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದುಂಟು, ಇಡ್ಲಿ ಪುಡಿಯಲ್ಲಿ ಎಳ್ಳಿರುತ್ತದೆ, ಆದರೆ 2020ರ ಆಹಾರ ಲೇಬಲ್ ನಿಯಮಗಳ ಅಲರ್ಜಿ ಪಟ್ಟಿಯಲ್ಲಿ ನೆಲಗಡಲೆ, ಹಾಲು, ಸೋಯಾಗಳಿರುವಂತೆ ಎಳ್ಳಿಲ್ಲ. ಪ್ರಶ್ನೆಗಳ ಅನಂತರವೇ ಚರ್ಮಚುಚ್ಚು ಪರೀಕ್ಷೆ. ಸಂದೇಹ ಉಳಿದಲ್ಲಿ, ತುರ್ತು ಔಷಧಗಳನ್ನು ಸಿದ್ಧವಾಗಿಟ್ಟುಕೊಂಡು, ಆಸ್ಪತ್ರೆಯಲ್ಲಿ ಆಹಾರವನ್ನು ಕಣಕಣವಾಗಿ ಹೆಚ್ಚಿಸುತ್ತ ತಿನ್ನಿಸಿ ನೋಡುವ ಪರೀಕ್ಷೆ. ಇದನ್ನು ಪುಸ್ತಕದಿಂದ ಕಲಿಯಲಾಗದು, ಗುರುವಿನ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಕಲಿತುದನ್ನು ಬಿಡುವುದೂ ಶಿಕ್ಷಣವೇ. ಅಪಾಯದಂಚಿನ ಶಿಶುಗಳಿಗೆ ಮೂರು ವರ್ಷದವರೆಗೆ ನೆಲಗಡಲೆ ಕೊಡಬಾರದೆಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರು ವಿಧಿಸಿದ್ದರು. 2015ರಲ್ಲಿ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಎಳವೆಯಲ್ಲಿಯೇ ತಿಂದವರಲ್ಲಿ ಅಲರ್ಜಿ ಬಹಳ ಕಡಿಮೆಯೆಂದು ಸಿದ್ಧವಾಯಿತು.

ನಮ್ಮಲ್ಲಿ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅಲರ್ಜಿ ಮತ್ತು ಆಸ್ತಮಾ ಕುರಿತ ಡಿಪ್ಲೊಮಾವನ್ನು ನಡೆಸಿರುವುದು ಶ್ಲಾಘ್ಯ. ಆದರೆ 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದ ಮಕ್ಕಳ ಅಲರ್ಜಿ ಪ್ರಕರಣದ ಶೀರ್ಷಿಕೆಯಲ್ಲಿ ಮೂಗು, ಚರ್ಮ, ಆಸ್ತಮಾ, ಪಿತ್ತಗಂಧೆಗಳಿವೆ, ಆಹಾರದ ಹೆಸರಿಲ್ಲ, ಅದು ಸೇರಲೇಬೇಕು. ಏಕೆಂದರೆ ಪ್ರಾಣ ಉಳಿಸುವ ಕ್ರಿಯೆ ಪ್ರತಿಯೊಬ್ಬ ಸಾಮಾನ್ಯ ವೈದ್ಯನಿಗೂ ಕರಗತವಾಗತಕ್ಕದ್ದು: ಗಂಧೆಯ ಮಾತ್ರೆಯನ್ನೋ ಸ್ಟೀರಾಯ್ಡನ್ನೋ ನಂಬಿ ಕಾಲಹರಣ ಮಾಡದೆ, ಒಂದು ಸಾವಿರಕ್ಕೆ ಒಂದರ ಅಡ್ರಿನಲಿನ್ನನ್ನು ಕಿಲೋಗ್ರಾಂ ತೂಕಕ್ಕೆ 0.01 ಮಿಲಿಲೀಟರಿನಂತೆ, ಅಂದರೆ 15 ಕಿಲೋಗ್ರಾಂ ಮಗುವಿಗೆ 0.15 ಮಿಲಿಲೀಟರು, ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡಬೇಕು. ವಿದೇಶಗಳಲ್ಲಿರುವಂತೆ ಒತ್ತಿದೊಡನೆ ಔಷಧವಿಳಿಸುವ ಪೆನ್ನು ಇಲ್ಲಿ ಸುಲಭವಾಗಿ ದೊರೆಯದಿರುವುದರಿಂದ, ಆಂಪೂಲನ್ನು ಒಡೆದು, ಸಣ್ಣ ಸಿರಿಂಜಿಗೆ ಗೆರೆ ಮೀರದಂತೆ ಔಷಧವನ್ನೆಳೆಯುವುದನ್ನು ತಂದೆತಾಯಿಗಳಿಗೆ ಕಲಿಸಿ, ಅವರ ಕೈಯಿಂದಲೇ ಮಾಡಿಸಿ ನೋಡಿ ಕಳುಹಿಸುವ ಹೊಣೆಯೂ ಆ ವೈದ್ಯನದೇ.