ಉಚಿತ ಬೇರೆ, ಮುಕ್ತ ಬೇರೆ

ಲಿನಕ್ಸ್ ಎಂದರೆ ಸಾಫ್ಟ್‌ವೇರ್ ಇಂಜಿನಿಯರುಗಳ ವಿಷಯ, ಹಳ್ಳಿಯವರಿಗೆ, ಪತ್ರಿಕೆಯವರಿಗೆ ಅದೇಕೆ ಎನ್ನುವವರೇ ಹೆಚ್ಚು. ಆದರೆ ಸಂತೆಯಲ್ಲಿ ಸೊಪ್ಪು ಮಾರುವವರ ಆಂಡ್ರಾಯ್ಡ್ ಫೋನಿನ ಒಳಗೆ ಕೆಲಸ ಮಾಡುತ್ತಿರುವುದೂ ಲಿನಕ್ಸ್ ಕರ್ನಲ್ಲೇ. ದಿನವೂ ಬಳಸುತ್ತೇವೆ, ಅದರ ಕಥೆ ಮಾತ್ರ ಗೊತ್ತಿಲ್ಲ. ಆ ಕಥೆಗೂ ಕನ್ನಡದ ಅಕ್ಷರಗಳಿಗೂ ನಂಟಿದೆ.

ಶುರುವಾಗಿದ್ದು ಒಂದು ಪ್ರಿಂಟರಿನಿಂದ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯವೊಂದಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಹಳೆಯ ಪ್ರಿಂಟರಿನ ಪ್ರೋಗ್ರಾಂ ತಿದ್ದಿ, ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸಂದೇಶ ಹೋಗುವಂತೆ ಮಾಡಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಕಂಪನಿ ಸೋರ್ಸ್ ಕೋಡ್ ಕೊಟ್ಟಿರಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನು ಕೇಳಿದರೆ, ‘ಯಾರಿಗೂ ಕೊಡುವುದಿಲ್ಲ ಎಂದು ಸಹಿ ಹಾಕಿದ್ದೇನೆ’ ಎಂಬ ಉತ್ತರ ಬಂತು. ನಮ್ಮ ಮನೆಯ ಪಂಪ್‌ಸೆಟ್ಟನ್ನು ನಾವೇ ಬಿಚ್ಚಿ ರಿಪೇರಿ ಮಾಡುವ ಹಾಗಿಲ್ಲ ಎಂದಂತಾಯಿತು ಇದು.

ಸ್ಟಾಲ್ಮನ್ 1983ರಲ್ಲಿ ‘ಗ್ನೂ’ ಯೋಜನೆ ಘೋಷಿಸಿದರು. 1989ರಲ್ಲಿ ಜಿಪಿಎಲ್ ಎಂಬ ಪರವಾನಗಿ ಬಂತು. ಅದರ ತಿರುಳು ಸರಳ: ತಂತ್ರಾಂಶವನ್ನು ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಿ, ಹಂಚುವಾಗ ಮುಂದಿನವರಿಗೂ ಅದೇ ಹಕ್ಕು ಕೊಡಿ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಲೀನಸ್ ಟೋರ್ವಾಲ್ಡ್ಸ್ ತನ್ನ ಹವ್ಯಾಸಕ್ಕೆಂದು ಒಂದು ಕರ್ನಲ್ ಬರೆದ. ಮರುವರ್ಷ ಅದನ್ನು ಜಿಪಿಎಲ್ ಅಡಿ ತಂದ. ಗ್ನೂ ಸಲಕರಣೆಗಳು, ಲಿನಕ್ಸ್ ಕರ್ನಲ್ ಎರಡೂ ಕೂಡಿ ಪೂರ್ತಿ ವ್ಯವಸ್ಥೆಯೊಂದು ಸಿದ್ಧವಾಯಿತು.

ಅದೇ 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯೂ ಬಂತು. ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಆದರೆ ನಮ್ಮ ಡಿಟಿಪಿ ಅಂಗಡಿಗಳಿಗೆ ಅದು ತಲುಪಲು ಬಹಳ ವರ್ಷ ಬೇಕಾಯಿತು. ಅಲ್ಲಿಯವರೆಗೆ ನಡೆದದ್ದು ಫಾಂಟುಗಳ ಆಟ. ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸುವುದು, ಒಂದೊಂದು ತಂತ್ರಾಂಶದವರದು ಒಂದೊಂದು ಲೆಕ್ಕ. ಒಬ್ಬರ ಕಡತ ಇನ್ನೊಬ್ಬರಲ್ಲಿ ತೆರೆದರೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ!

ಇದರ ನಡುವೆಯೇ ದೊಡ್ಡ ಕೆಲಸಗಳೂ ಆದವು. ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎನ್ನುವವರು, ಉಚ್ಚಾರಣೆಯ ತರ್ಕಕ್ಕೆ ಹೊಂದುವ ಸರಳ ಕೀಲಿಮಣೆ ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಸೇರಿತು. ಕಾಸಿಲ್ಲದೆ ಸಿಕ್ಕ ಇವು ಸಾವಿರಾರು ಜನರನ್ನು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವಂತೆ ಮಾಡಿದವು. ಆ ಋಣ ದೊಡ್ಡದು.

ಆದರೆ ಉಚಿತ ಬೇರೆ, ಮುಕ್ತ ಬೇರೆ. ಹಳೆಯ ಫಾಂಟುಗಳಲ್ಲಿ ಬರೆದದ್ದು ಆ ಫಾಂಟಿಗೇ ಅಂಟಿಕೊಂಡಿತು. ಜಿಲ್ಲಾ ಪತ್ರಿಕೆಗಳ ಆ ಕಾಲದ ಪುಟಗಳು ಸಿ.ಡಿ.ಗಳಲ್ಲಿ ಇದ್ದರೂ ಪದ ಹಾಕಿ ಹುಡುಕಿದರೆ ಸಿಗುವುದಿಲ್ಲ. ಒಂದೂರಿನ ಬರ, ಜಾತ್ರೆ, ಚುನಾವಣೆ, ಹೋರಾಟಗಳ ದಾಖಲೆ ಹಾಗೆ ಕಣ್ಣೆದುರೇ ಕಳೆದುಹೋಗುತ್ತದೆ.

ಮುಕ್ತ ತಂತ್ರಾಂಶದ ದಾರಿ ಬೇರೆಯದಿತ್ತು. ‘ಕೇದಗೆ’, ‘ಮಲ್ಲಿಗೆ’ ಎಂಬ ಯೂನಿಕೋಡ್ ಫಾಂಟುಗಳು ಜಿಪಿಎಲ್ ಅಡಿ ಬಂದವು. ಆಮೇಲೆ ಕೇದಗೆಯ ಕೊರತೆಗಳನ್ನು ತಿದ್ದಿ ‘ಗುಬ್ಬಿ’ ಎಂಬ ಫಾಂಟ್ ಮಾಡಿದರು. ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ, ಪರವಾನಗಿಯೇ ಅಪ್ಪಣೆ. ಮಾರುಕಟ್ಟೆಯಲ್ಲಿ ಕನ್ನಡಕ್ಕೆ ಗಿರಾಕಿ ಎಷ್ಟು ಎಂದು ಲೆಕ್ಕ ಹಾಕದೆ, ಸ್ವಯಂಸೇವಕರು ರಾತ್ರಿ ಕೂತು ಮೆನುಗಳನ್ನು ಕನ್ನಡಕ್ಕೆ ತಂದರು. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಮುಕ್ತ ಪರಿವರ್ತಕಗಳೂ ಹೀಗೇ ಹುಟ್ಟಿದವು.

ಇವತ್ತು ಲಿನಕ್ಸಿನ ಕೀಲಿಮಣೆ ಪಟ್ಟಿ ತೆರೆದರೆ ಕನ್ನಡದ ಜೊತೆ ‘ಕಗಪ’ ಎಂಬ ಹೆಸರು ಕಾಣುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳು. ಅದೇ ಹೆಸರು ಹಿಂದಿ, ಮರಾಠಿ, ಸಂಸ್ಕೃತದ ಪಟ್ಟಿಯಲ್ಲೂ ಇದೆ. ಕನ್ನಡಕ್ಕೆಂದು ಮಾಡಿದ್ದು ಬೇರೆ ಭಾಷೆಗಳಿಗೂ ಒದಗಿತು.

ಕಷ್ಟಗಳಿಲ್ಲವೆಂದಲ್ಲ. ಪೇಜ್‌ಮೇಕರ್ ನಂಬಿದ ಪತ್ರಿಕಾ ಕಚೇರಿ ಒಂದೇ ದಿನಕ್ಕೆ ಲಿನಕ್ಸಿಗೆ ಬರಲಾರದು. ಇನ್ನು ಫೋನಿನ ಕರ್ನಲ್ ಮುಕ್ತವಾಗಿದ್ದರೂ ಅದರ ಮೇಲೆ ಕೂತ ಆ್ಯಪ್‌ಗಳು ನಾವು ಎಲ್ಲಿದ್ದೇವೆ, ಯಾರೊಡನೆ ಮಾತಾಡಿದೆವು ಎಂದು ಬರೆದಿಟ್ಟುಕೊಳ್ಳಬಹುದು. ಸುದ್ದಿ ಕೊಟ್ಟವರ ಹೆಸರು ಕಾಪಾಡಬೇಕಾದ ವರದಿಗಾರರಿಗೆ ಇದು ಸಣ್ಣ ಮಾತಲ್ಲ. ಒಳಗೇನಿದೆ ಎಂದು ತಿಳಿದವರು ಬಿಚ್ಚಿ ನೋಡಬಹುದಾದ ಫೈರ್‌ಫಾಕ್ಸ್, ಸಿಗ್ನಲ್‌ನಂಥವು ಅದಕ್ಕೇ ಬೇಕು.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಿಲ್ಲ. ಬರೆಯುವುದನ್ನು ಯೂನಿಕೋಡಿನಲ್ಲಿ ಬರೆಯಿರಿ. ಲಿಬ್ರೆ ಆಫೀಸ್ ಹಾಕಿಕೊಳ್ಳಿ, ಅದು ವಿಂಡೋಸಿನಲ್ಲೂ ನಡೆಯುತ್ತದೆ. ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಲಿನಕ್ಸ್ ಮಿಂಟ್ ಹಾಕಿ ನೋಡಿ. ಎಲ್ಲಕ್ಕಿಂತ ಮೊದಲು ನಿಮ್ಮೂರಿನ ಪತ್ರಿಕೆಯ ಹಳೆಯ ಕಡತಗಳನ್ನು ಯೂನಿಕೋಡಿಗೆ ತನ್ನಿ. ಆ ಸಿ.ಡಿ.ಗಳು ಹಾಳಾಗುವ ಮುಂಚೆ ಆ ಕೆಲಸ ಆಗಬೇಕು.