ವಾಲ್ವ್ ಹಾಕಿಸಿಕೊಂಡವರಿಗೆ ಜ್ವರ ಬಿಡದಿದ್ದರೆ: ಯಾವ ಸ್ಕ್ಯಾನ್ ಏನು ತೋರಿಸುತ್ತೆ?

ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಹಾಳಾಗಿ, ಮುಂದೆ ಆಪರೇಷನ್ ಮಾಡಿಸಿ ಕೃತಕ ವಾಲ್ವ್ ಹಾಕಿಸಿಕೊಂಡವರು ನಮ್ಮ ಸುತ್ತಮುತ್ತ ಇದ್ದೇ ಇರುತ್ತಾರೆ. ಅಂಥವರಿಗೆ ಜ್ವರ ಬಂದರೂ ಮನೆಯವರು ಮೊದಲು ಓಡೋದು ಮೆಡಿಕಲ್ ಶಾಪ್‌ಗೆ. ಎರಡು ದಿನ ಆಂಟಿಬಯಾಟಿಕ್ ನುಂಗಿದರೆ ಜ್ವರ ಇಳಿದಂತೆ ಕಾಣುತ್ತೆ, ಆಮೇಲೆ ಮತ್ತೆ ಏರುತ್ತೆ. ಅಪಾಯ ಇರೋದೇ ಇಲ್ಲಿ. ವಾಲ್ವ್‌ಗೆ ಸೋಂಕು ತಗುಲಿದ್ದರೆ ಯಾವ ರೋಗಾಣು ಅಂತ ರಕ್ತದ ಕಲ್ಚರ್‌ನಲ್ಲಿ ಗೊತ್ತಾಗಬೇಕು. ಮೊದಲೇ ಮಾತ್ರೆ ನುಂಗಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೇ ಹೋಗಬಹುದು. ಹಾಗಾಗಿ ಮೊದಲು ರಕ್ತ, ಆಮೇಲೆ ಔಷಧಿ.

ಸ್ಕ್ಯಾನ್‌ಗಳಲ್ಲಿ ಮೊದಲನೆಯದು ಎದೆಗೆ ಜೆಲ್ ಹಚ್ಚಿ ಮಾಡುವ ಮಾಮೂಲಿ ಎಕೋ. ಇದು ಸುಲಭ, ಆದರೆ ಲೋಹದ ವಾಲ್ವ್‌ನ ನೆರಳು ಬಿದ್ದು ಅದರ ಹಿಂದಿನ ಭಾಗ ಕಾಣಿಸೋದಿಲ್ಲ. ಕೃತಕ ವಾಲ್ವ್ ಸೋಂಕಿನಲ್ಲಿ ಇದು ಸುಮಾರು ಅರ್ಧದಷ್ಟು ಕೇಸ್‌ಗಳನ್ನು ಮಾತ್ರ ಹಿಡಿಯುತ್ತೆ. 'ಎಕೋ ನಾರ್ಮಲ್' ಅನ್ನೋ ರಿಪೋರ್ಟ್ ಹಿಡಿದು ನಿರಾಳವಾಗಬೇಡಿ.

ಮುಂದಿನದು ಟಿಇಇ. ಗಂಟಲಿಗೆ ಮರಗಟ್ಟುವ ಔಷಧಿ ಹಾಕಿ, ಬಾಯಿಂದ ಅನ್ನನಾಳಕ್ಕೆ ತೆಳು ಕೊಳವೆ ಇಳಿಸಿ ಮಾಡುವ ಎಕೋ. ಅನ್ನನಾಳ ಹೃದಯದ ಬೆನ್ನಿಗೇ ಇರೋದರಿಂದ ಚಿತ್ರ ಚೆನ್ನಾಗಿ ಬರುತ್ತೆ. ಹತ್ತರಲ್ಲಿ ಒಂಬತ್ತು ಕೇಸ್ ಸಿಗುತ್ತವೆ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವದಂಥ ಹೃದ್ರೋಗ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಇದರಲ್ಲೂ ಏನೂ ಕಾಣದೆ ಸಂಶಯ ಉಳಿದರೆ 5-7 ದಿನದಲ್ಲಿ ಮತ್ತೊಮ್ಮೆ ಮಾಡೋದು ರೂಢಿ. ಅದು ದುಡ್ಡು ಕೀಳೋ ಉಪಾಯ ಅಲ್ಲ.

ವಾಲ್ವ್ ಸುತ್ತ ಕೀವು ಕಟ್ಟಿದೆಯಾ ಅಂತ ನೋಡೋಕೆ ಹೃದಯದ ಸಿಟಿ ಬೇಕು. ಕಿಡ್ನಿ ತೊಂದರೆ ಇರುವವರು ಬಣ್ಣದ ಇಂಜೆಕ್ಷನ್‌ಗೆ ಮುಂಚೆ ಹೇಳಲೇಬೇಕು.

ಇಷ್ಟಾದರೂ ತೀರ್ಮಾನ ಆಗದಿದ್ದಾಗ ಪೆಟ್-ಸಿಟಿ. ಕ್ಯಾನ್ಸರ್‌ಗೆ ಮಾಡುತ್ತಾರಲ್ಲ, ಅದೇ ಯಂತ್ರ. 2015ರಲ್ಲಿ ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿ ಕೃತಕ ವಾಲ್ವ್ ಸೋಂಕಿಗೆ ಇದನ್ನು ಸೇರಿಸಿತು. ವಿಕಿರಣ ಸೂಸುವ ಸಕ್ಕರೆಯಂಥ ದ್ರವವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಸೋಂಕಿನ ಜಾಗಕ್ಕೆ ಮುತ್ತಿದ ಬಿಳಿ ರಕ್ತಕಣಗಳು ಅದನ್ನು ಹೆಚ್ಚು ಹೀರಿ ಚಿತ್ರದಲ್ಲಿ ಹೊಳೆಯುತ್ತವೆ. ತೊಂದರೆ ಏನಂದ್ರೆ ಹೃದಯದ ಸ್ನಾಯುವಿಗೂ ಸಕ್ಕರೆ ಬೇಕು, ಅದೂ ಹೊಳೆಯುತ್ತೆ. ಅದಕ್ಕೇ ಹಿಂದಿನ ದಿನದಿಂದ ಅನ್ನ, ಮುದ್ದೆ, ರೊಟ್ಟಿ, ಸಕ್ಕರೆ ಎಲ್ಲ ಬಿಡಿಸಿ, ಕೊಬ್ಬಿನ ಊಟ ಕೊಟ್ಟು, ಆಮೇಲೆ ದೀರ್ಘ ಉಪವಾಸ ಇರಿಸುತ್ತಾರೆ. ದಾರಿಯಲ್ಲಿ ಬಸ್ ನಿಂತಾಗ ಕುಡಿದ ಒಂದು ಲೋಟ ಟೀ ಇಡೀ ಸ್ಕ್ಯಾನ್ ಕೆಡಿಸಬಹುದು. ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ಕೇಳಿಕೊಳ್ಳಿ. ಆ ದ್ರವದ ಶಕ್ತಿ ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತೆ, ಆದ್ದರಿಂದ ಹೇಳಿದ ಹೊತ್ತಿಗೆ ಹಾಜರಿರಬೇಕು. ಆಪರೇಷನ್ ಆಗಿ 3 ತಿಂಗಳೊಳಗಿದ್ದರೆ ಮಾಯುತ್ತಿರುವ ಗಾಯವೇ ಹೊಳೆದು ದಾರಿ ತಪ್ಪಿಸಬಹುದು.

ಹೋಗುವಾಗ ಡಿಸ್ಚಾರ್ಜ್ ಸಮರಿ, ವಾಲ್ವ್ ಕಾರ್ಡ್, ಹಳೇ ಎಕೋ ರಿಪೋರ್ಟ್ ಒಯ್ಯಿರಿ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ.

ಮೆಡಿಕಲ್ ಶಾಪ್‌ನವರಿಗೂ ಒಂದು ಮಾತು: ವಾರ್ಫರಿನ್, ಅಸಿಟ್ರೋಮ್ ಒಯ್ಯುವ ಗಿರಾಕಿ ಜ್ವರಕ್ಕೆ ಮಾತ್ರೆ ಕೇಳಿದರೆ 'ವಾಲ್ವ್ ಹಾಕ್ಸಿದೀರಾ?' ಅಂತ ಕೇಳಿ, ಹೌದಂದರೆ ಡಾಕ್ಟರ ಹತ್ತಿರ ಕಳಿಸಿ. ಜ್ವರದ ಜೊತೆ ಮಾತು ತೊದಲಿದರೆ, ಕೈಕಾಲು ಸ್ವಾಧೀನ ತಪ್ಪಿದರೆ, ಉಸಿರು ಕಟ್ಟಿದರೆ ಸ್ಕ್ಯಾನ್ ದಿನಾಂಕಕ್ಕೆ ಕಾಯದೆ 108ಕ್ಕೆ ಕರೆ ಮಾಡಿ.