ಕಾರಿನ ಡಿಕ್ಕಿಯಲ್ಲಿ ಮಕ್ಕಳ ಹಿಮ್ಮುಖ ಆಸನ: ಕೃಷ್ಣಾ–ಘಟಪ್ರಭಾ ಸೀಮೆಯಿಂದ ಒಂದು ಟಿಪ್ಪಣಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಮಕ್ಕಳು ಹಿಂದಕ್ಕೆ ಮುಖಮಾಡಿ ಪ್ರಯಾಣಿಸುವುದು ಹಳೆಯ ರೂಢಿ. ಚಕ್ಕಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತದ್ದು, ಟಂಟಂನ ಹಿಂದೆ ಕಂಬಿ ಹಿಡಿದದ್ದು ಇಲ್ಲಿನವರಿಗೆಲ್ಲ ನೆನಪಿದೆ. ಇ-ರಿಕ್ಷಾದಲ್ಲೂ ಚಾಲಕನ ಬೆನ್ನಿಗೆ ಬೆನ್ನು ಕೊಟ್ಟ ಒಂದು ಸೀಟು ಇರುತ್ತದೆ. ಹೀಗಿರುವಾಗ ವಿದ್ಯುತ್ ಕಾರಿನ ಡಿಕ್ಕಿಯಲ್ಲಿ ಎರಡು ಹಿಮ್ಮುಖ ಸೀಟು ಹಾಕಿಸಬಹುದೇ ಎಂದು ಯಾರಾದರೂ ಕೇಳಿದರೆ ಅದು ಸಹಜವೇ. ಹಾಕಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ಸೀಟನ್ನು ವಿದ್ಯುತ್ ಕಾರಿಗೆ ತಂದದ್ದು 2012ರ ಟೆಸ್ಲಾ ಮಾಡೆಲ್ ಎಸ್. ವೋಲ್ವೋ, ಮರ್ಸಿಡಿಸ್ ಬೆಂಜ್‌ಗಳ ಉದ್ದನೆಯ ಸ್ಟೇಷನ್ ವ್ಯಾಗನ್‌ಗಳಲ್ಲಿ ಆ ಪದ್ಧತಿ ಮೊದಲೇ ಇತ್ತು. ಬ್ಯಾಟರಿ ನೆಲದಡಿ ಸೇರಿ, ಹೊಗೆಕೊಳವೆ, ಇಂಧನ ಟ್ಯಾಂಕುಗಳಿಗೆ ಜಾಗ ಬೇಡವಾದದ್ದರಿಂದ ಟೆಸ್ಲಾದ ಡಿಕ್ಕಿ ಆಳವಾಯಿತು; ಐದು ಕಡೆ ಬಿಗಿಯುವ ಬೆಲ್ಟಿನ ಎರಡು ಮಡಚುವ ಸೀಟು ಅಲ್ಲಿ ಕೂತವು. ಅವು ಸುಮಾರು 16ರಿಂದ 35 ಕಿಲೋ ತೂಕದ ಮಕ್ಕಳಿಗೆ, ಹಸುಗೂಸಿಗಲ್ಲ. ಈ ಸೀಟು ಬೇಕೆಂದವರ ಕಾರಿಗೆ ಕಂಪನಿ ಹಿಂದಿನ ಬಂಪರಿನೊಳಗೆ ಹೆಚ್ಚು ಬಲದ ಲೋಹದ ತೊಲೆ ಕೂಡಿಸುತ್ತಿತ್ತು. ಆ ತೊಲೆಯಿಲ್ಲದ ಕಾರಿಗೆ ಆಮೇಲೆ ಸೀಟು ಹಾಕಿಸುವುದೆಂದರೆ ಬಂಪರನ್ನೂ ಬಿಚ್ಚಿ ಬಲಪಡಿಸಬೇಕಿತ್ತು. ಇಡೀ ವಿಷಯದ ತಿರುಳು ಇಲ್ಲಿದೆ.

ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎನ್ನೋಣ. 15 ಕಿಲೋ ಮಗುವಿನ ಮೇಲೆ ಆಗ ಬೀಳುವುದು ಸುಮಾರು 210 ಕಿಲೋ ಭಾರದಷ್ಟು ಬಲ. ಮುಂದಿನಿಂದ ಗುದ್ದಾದರೆ, ಹಿಂದಕ್ಕೆ ಮುಖಮಾಡಿದ ಮಗುವಿನ ಬೆನ್ನು, ತಲೆ, ಕುತ್ತಿಗೆಗಳನ್ನು ಸೀಟಿನ ಒರಗು ಒಟ್ಟಿಗೆ ಹೊರುತ್ತದೆ. ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ಭಾರ, ಕುತ್ತಿಗೆ ಎಳಸು. ಹಾಗಾಗಿ ಇದು ದೊಡ್ಡ ರಕ್ಷಣೆ. ಹಿಂದಿನಿಂದ ಗುದ್ದಾದರೆ ಲೆಕ್ಕ ತಿರುಗುತ್ತದೆ. ಆಗ ಮಗು ಬೆಲ್ಟಿನ ಮೇಲೆಯೇ ಜೋತು ಡಿಕ್ಕಿಯ ಬಾಗಿಲಿನತ್ತ ಎಸೆಯಲ್ಪಡುತ್ತದೆ, ಬಾಗಿಲೂ ಒಳನುಗ್ಗುತ್ತದೆ.

ನಮ್ಮ ರಸ್ತೆಗಳ ಪರಿಸ್ಥಿತಿ ಈ ಲೆಕ್ಕವನ್ನು ಇನ್ನೂ ಬಿಗಿಗೊಳಿಸುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಸಮೀರವಾಡಿ, ಹಿರೇಪಡಸಲಗಿ, ಮುಧೋಳಗಳ ಕಾರ್ಖಾನೆಗಳತ್ತ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಗಲಿರುಳು ಸಾಗುತ್ತವೆ. ಅವುಗಳ ಹಿಂದೆ ಕಾರು ದಿಢೀರನೆ ನಿಂತಾಗ, ಅದರ ಬೆನ್ನಿಗೆ ಬರುವ ಲಾರಿಗೂ ಆ ಮಕ್ಕಳಿಗೂ ನಡುವೆ ಉಳಿಯುವುದು ಒಂದು ಬಾಗಿಲು, ಒಂದು ಗಾಜು. ಏಪ್ರಿಲ್–ಮೇ ಬಿಸಿಲಿನಲ್ಲಿ ಅದೇ ಗಾಜಿನಡಿ, ಎಸಿ ಗಾಳಿ ತಲುಪದ ಮೂಲೆಯಲ್ಲಿ, ಮಗುವನ್ನು ಕೂರಿಸುವುದೂ ಸಣ್ಣ ವಿಷಯವಲ್ಲ.

ಚೌಕಟ್ಟು ಬೆಸೆದು, ಫೋಮು ಇಟ್ಟು, ರೆಕ್ಸಿನ್ ಹೊದಿಸುವ ಕುಶಲಿಗರು ನಮ್ಮ ಊರುಗಳಲ್ಲಿ ಇದ್ದಾರೆ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಬೆಲ್ಟಿನ ಕೊಂಡಿ ಎಷ್ಟು ಎಳೆತ ತಡೆಯುತ್ತದೆಂಬುದು ಪರೀಕ್ಷಾಲಯದಲ್ಲಿ ತಿಳಿಯುವ ಸಂಗತಿ. ನೆಲದಡಿ ಹೆಚ್ಚು ವೋಲ್ಟೇಜಿನ ಬ್ಯಾಟರಿ ಇರುವ ಕಾರಿನಲ್ಲಿ ತೂತು ಕೊರೆಯುವುದೇ ಅಪಾಯ. ಕಾನೂನೂ ಅಡ್ಡ ನಿಲ್ಲುತ್ತದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ಆಸನಗಳ ಸಂಖ್ಯೆಯೂ ಆ ವಿವರಗಳಲ್ಲೊಂದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು.

ಪರೀಕ್ಷೆಗೆ ಒಳಪಡದ್ದನ್ನು ನಂಬಬಾರದೆಂಬ ಪಾಠ ಕರ್ನಾಟಕಕ್ಕೆ ಹೊಸತಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ವಿದ್ಯುತ್ ಕಾರಿನ ಹಿಂದಿನ ಸೀಟು ಮಕ್ಕಳಿಗೆಂದೇ ಇತ್ತು. ಬ್ರಿಟನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಅದು ಕ್ವಾಡ್ರಿಸೈಕಲ್ ವರ್ಗದಲ್ಲಿ ಓಡಿತು. ಕಾರುಗಳಿಗೆ ಕಡ್ಡಾಯವಾದ ಗುದ್ದು ಪರೀಕ್ಷೆ ಆ ವರ್ಗಕ್ಕಿರಲಿಲ್ಲ. 2007ರಲ್ಲಿ ಅಲ್ಲಿ ಪರೀಕ್ಷೆಗೆ ಒಡ್ಡಿದಾಗ ಕಳವಳ ಹುಟ್ಟಿತು. ರೇವಾದ ಸಾಹಸವನ್ನು ಮೆಚ್ಚುತ್ತಲೇ ಇದನ್ನು ಹೇಳಬೇಕು.

ದೊಡ್ಡ ಕುಟುಂಬಕ್ಕೆ ಈಗ ಬೇರೆ ದಾರಿಯಿದೆ. 2024ರ ಬಿವೈಡಿ ಇಮ್ಯಾಕ್ಸ್ 7, 2025ರ ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿ ಕಾರುಗಳಲ್ಲಿ ಮೂರನೇ ಸಾಲು ಕಾರ್ಖಾನೆಯಿಂದಲೇ ಬರುತ್ತದೆ, ಮುಂದಕ್ಕೆ ಮುಖಮಾಡಿ, ಬೆಲ್ಟಿನ ಸಮೇತ. ದೊಡ್ಡ ಮಕ್ಕಳು ಅಲ್ಲಿ ಕೂರಲಿ. ಕೂಸಿನ ಹಿಮ್ಮುಖ ಸೀಟನ್ನು ಎರಡನೇ ಸಾಲಿನಲ್ಲಿ, ಮಕ್ಕಳ ಸೀಟು ಬಿಗಿಯಲೆಂದೇ ಇರುವ ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಬೇಕು. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಮಖಂಡಿಯಿಂದ ಮುಧೋಳಕ್ಕೆ ಹೊರಡುವ ಅಜ್ಜಿಗೆ ಮೇಲಿನ 210 ಕಿಲೋ ಲೆಕ್ಕವನ್ನು ಕಾರು ಮಾರುವವರೇ ಕೂತು ವಿವರಿಸಲಿ.